ಹಿಂದಿನ ಸಾಲಿನ ಮಂದ್ರ

ಈಸ್ಟರ್ ಕಳೆದ ಏಳನೇ ಭಾನುವಾರ ವಿಟ್ಸನ್ ಹಬ್ಬ. ಅದರ ಮುಂದಿನ ಶುಕ್ರವಾರದ ಸಂಜೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸ್ಯಾಡಲ್‌ವರ್ತ್ ಮತ್ತು ಟೇಮ್‌ಸೈಡ್ ಸೀಮೆಯ ಹಳ್ಳಿಗಳಿಗೆ ಬಸ್ಸುಗಳ ಮೇಲೆ ಬಸ್ಸು ಬಂದು ನಿಲ್ಲುತ್ತವೆ. ಡೆಲ್ಫ್, ಡಾಬ್‌ಕ್ರಾಸ್, ಅಪ್ಪರ್‌ಮಿಲ್, ಗ್ರೀನ್‌ಫೀಲ್ಡ್ ಮುಂತಾದವು ಬೇರೆ ದಿನ ಕುರಿ ಮೇಯುವ ಗುಡ್ಡಗಳ ನಡುವಿನ ಸದ್ದಿಲ್ಲದ ಊರುಗಳು. ಅಂದು ಮಾತ್ರ ಪ್ರತಿ ಬಸ್ಸಿನಿಂದ ಒಂದೊಂದು ಬ್ರಾಸ್ ಬ್ಯಾಂಡ್ ಇಳಿಯುತ್ತದೆ. ಇಳಿದವರು ಬೀದಿಯುದ್ದಕ್ಕೂ ಒಂದು ಮಾರ್ಚ್ ನುಡಿಸುತ್ತ ನಡೆಯುತ್ತಾರೆ, ಊರ ಬಯಲಲ್ಲಿ ನಿಂತು ಸ್ಪರ್ಧೆಗೆಂದು ಇನ್ನೊಂದು ಮಾರ್ಚ್ ನುಡಿಸುತ್ತಾರೆ, ಮತ್ತೆ ಬಸ್ಸು ಹತ್ತಿ ಪಕ್ಕದ ಹಳ್ಳಿಗೆ ಓಡುತ್ತಾರೆ. ತೀರ್ಪುಗಾರರು ಕಿಟಕಿ ಮುಚ್ಚಿದ ಕ್ಯಾರವಾನಿನೊಳಗೆ ಕೂತು ಬರೀ ಕಿವಿಯಿಂದ ಅಂಕ ಹಾಕುತ್ತಾರೆ. ಹೊರಗೆ ಯಾವ ಬ್ಯಾಂಡ್ ನಿಂತಿದೆ ಎಂದು ಅವರಿಗೆ ಗೊತ್ತಾಗಕೂಡದು. 1884ರಲ್ಲಿ ಶುರುವಾದ ಈ ಸ್ಪರ್ಧೆ ಇಂದಿಗೂ ಆ ಸೀಮೆಯ ದೊಡ್ಡ ಜಾತ್ರೆ.

ಊದುವವರಲ್ಲಿ ಬಹುಪಾಲು ಹವ್ಯಾಸಿಗಳು. ಶಾಲೆಯ ಮೇಷ್ಟ್ರು, ಆಸ್ಪತ್ರೆಯ ನರ್ಸ್, ವೈರಿಂಗ್ ಕೆಲಸದವರು, ಲೆಕ್ಕಪತ್ರದ ಗುಮಾಸ್ತರು. ದೇಶದಲ್ಲೇ ಹೆಸರು ಮಾಡಿದ ಬ್ಲ್ಯಾಕ್ ಡೈಕ್ ಬ್ಯಾಂಡಿನಲ್ಲಿ ಕೂರುವವರಿಗೂ ಹೊಟ್ಟೆಪಾಡಿನ ಕೆಲಸ ಬೇರೆಯೇ ಇರುತ್ತದೆ. ಸ್ಪರ್ಧೆಯ ಬ್ಯಾಂಡ್ ಎಂದರೆ ತಾಳವಾದ್ಯದವರನ್ನು ಬಿಟ್ಟು ಇಪ್ಪತ್ತೈದು ಜನ. ಅವರಲ್ಲಿ ಕಾರ್ನೆಟ್ ಹಿಡಿದವರೇ ಹತ್ತು ಮಂದಿ. ಕೇಳುಗರ ಕಿವಿಗೆ ಮೊದಲು ಬೀಳುವುದು ಅವರ ನಾದ. ಅವರ ಹಿಂದೆ ಇತರ ವಾದ್ಯಗಳ ಜೊತೆ ಎರಡು ಬ್ಯಾರಿಟೋನ್, ಎರಡು ಯುಫೋನಿಯಂ, ಮೂರು ಟ್ರಾಂಬೋನ್, ಎಲ್ಲಕ್ಕೂ ಹಿಂದೆ ನಾಲ್ಕು ಟ್ಯೂಬಾಗಳು. ಬ್ಯಾಂಡಿನ ಜನ ಈ ಟ್ಯೂಬಾಗಳನ್ನು ಬೇಸ್ ಎಂದೇ ಕರೆಯುತ್ತಾರೆ: ಎರಡು ಇ-ಫ್ಲ್ಯಾಟ್, ಎರಡು ಬಿ-ಫ್ಲ್ಯಾಟ್. ಬಿ-ಫ್ಲ್ಯಾಟ್ ಬೇಸಿನ ಸುರುಳಿ ಬಿಚ್ಚಿ ನೇರ ಮಾಡಿದರೆ ಹದಿನೆಂಟು ಅಡಿ ಕೊಳವೆ. ತೂಕ ಹತ್ತು ಕಿಲೋ ಆಸುಪಾಸು. ಒಳ್ಳೆಯ ತಯಾರಕರ ಹೊಸ ವಾದ್ಯಕ್ಕೆ ಕೊಡುವ ಹಣದಲ್ಲಿ ಸಣ್ಣದೊಂದು ಕಾರು ಮನೆಗೆ ಬರುತ್ತದೆ.

ಸಂಬಳದ ಮೇಲೆ ಬದುಕುವ ಗುಮಾಸ್ತನ ತೊಡೆಯ ಮೇಲೆ ಇಂಥ ವಾದ್ಯ ಬಂದು ಕೂತದ್ದು ಹೇಗೆ? ಉತ್ತರ ಸರಳ: ಅದು ಅವನದಲ್ಲ, ಬ್ಯಾಂಡಿನದು. ಸೇರಿದ ದಿನ ಕೈಗೆ ಕೊಡುತ್ತಾರೆ, ಬಿಟ್ಟ ದಿನ ವಾಪಸು ಪಡೆಯುತ್ತಾರೆ. ನಡುವಿನ ಮೂವತ್ತು ವರ್ಷ ಅದನ್ನು ಒರೆಸಿ ಎಣ್ಣೆ ಹಾಕಿ ನೋಡಿಕೊಳ್ಳುವ ಹೊಣೆ ಮಾತ್ರ ಅವನದು. ಪಿಟೀಲು, ಗಿಟಾರ್ ಕಲಿಯುವವರು ಮೊದಲು ಅಂಗಡಿಗೆ ಹೋಗುತ್ತಾರೆ. ಕೆಳಸ್ಥಾಯಿಯ ಹಿತ್ತಾಳೆ ವಾದ್ಯ ಊದಬೇಕೆನ್ನುವವರು ಹುಡುಕಬೇಕಾದದ್ದು ಅಂಗಡಿಯನ್ನಲ್ಲ, ಒಂದು ಖಾಲಿ ಕುರ್ಚಿಯನ್ನು. ಈ ವಾದ್ಯಗಳ ಇನ್ನೂರು ವರ್ಷದ ಕಥೆ ಇದನ್ನೇ ಹೇಳುತ್ತದೆ.

ಟ್ಯೂಬಾ ಹುಟ್ಟಿದ್ದು ಬರ್ಲಿನ್‌ನಲ್ಲಿ. ಸೇನಾ ಬ್ಯಾಂಡುಗಳ ಮುಖ್ಯಸ್ಥ ವಿಲ್ಹೆಲ್ಮ್ ವೀಪ್ರೆಕ್ಟ್ ಮತ್ತು ವಾದ್ಯ ತಯಾರಕ ಯೋಹಾನ್ ಗಾಟ್‌ಫ್ರೀಡ್ ಮೋರಿಟ್ಸ್ 1835ರ ಸೆಪ್ಟೆಂಬರ್ 12ರಂದು ಐದು ವಾಲ್ವ್‌ಗಳ ಬೇಸ್ ಟ್ಯೂಬಾಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಮೊದಲು ಮಂದ್ರಕ್ಕೆಂದು ಇದ್ದದ್ದು ಹಾವಿನಂತೆ ಬಳುಕಿದ, ಮರಕ್ಕೆ ಚರ್ಮ ಸುತ್ತಿದ ಸರ್ಪೆಂಟ್ ಮತ್ತು ಕೀಲಿಗಳಿದ್ದ ಆಫಿಕ್ಲೈಡ್. ಎರಡರಲ್ಲೂ ಶ್ರುತಿ ನಿಲ್ಲಿಸಲು ಪಳಗಿದ ಕೈಯೇ ಬೇಕಿತ್ತು. ವಾಲ್ವ್ ಬಂದ ಮೇಲೆ ಬೆರಳಿನ ಕೆಲಸ ಸರಳವಾಯಿತು. ದಿನವಿಡೀ ಮಗ್ಗದ ಮುಂದೆ ನಿಂತವನಿಗೂ ರಾತ್ರಿ ಒಂದು ಗಂಟೆ ಕಲಿತು ಹಿಡಿತ ಸಾಧಿಸುವುದು ಸಾಧ್ಯವಾಯಿತು. 1840ರ ದಶಕದಲ್ಲಿ ಅಡಾಲ್ಫ್ ಸ್ಯಾಕ್ಸ್ ಒಂದೇ ಮಾದರಿಯಲ್ಲಿ ಚಿಕ್ಕದರಿಂದ ದೊಡ್ಡದರವರೆಗೆ ಸ್ಯಾಕ್ಸ್‌ಹಾರ್ನ್‌ಗಳ ಇಡೀ ಕುಟುಂಬವನ್ನೇ ಮಾಡಿದ. ಡಿಸ್ಟಿನ್ ಎಂಬ ವಾದಕ ಮನೆತನ ಅವನ್ನು ಬ್ರಿಟನ್ನಿಗೆ ತಂದು ಊರೂರಿಗೆ ಕೇಳಿಸಿತು, ಆಮೇಲೆ ತಾನೇ ಮಾರಲೂ ನಿಂತಿತು.

ಯಾರ್ಕ್‌ಷೈರ್, ಲ್ಯಾಂಕಷೈರ್‌ಗಳ ಗಿರಣಿ ಮತ್ತು ಗಣಿಯ ಊರುಗಳು ಇದಕ್ಕಾಗಿಯೇ ಕಾದಿದ್ದಂತಿತ್ತು. ಬ್ರ್ಯಾಡ್‌ಫರ್ಡ್ ಹತ್ತಿರದ ಕ್ವೀನ್ಸ್‌ಬರಿಯಲ್ಲಿ ಬ್ಲ್ಯಾಕ್ ಡೈಕ್ ಗಿರಣಿ ಕಟ್ಟಿದ ಜಾನ್ ಫಾಸ್ಟರ್ ಸ್ವತಃ ಹಾರ್ನ್ ಊದುತ್ತಿದ್ದವನು. 1855ರಲ್ಲಿ ಗಿರಣಿಯ ಬ್ಯಾಂಡ್ ರೂಪುಗೊಂಡಾಗ ವಾದ್ಯ, ಸಮವಸ್ತ್ರ, ಅಭ್ಯಾಸದ ಜಾಗ ಎಲ್ಲವೂ ಗಿರಣಿಯಿಂದಲೇ ಬಂದವು. ಧಣಿಯ ಆಸರೆ ಇಲ್ಲದ ಕಡೆ ಕೆಲಸಗಾರರೇ ವಾರಕ್ಕಿಷ್ಟು ಎಂದು ಚಂದಾ ಎತ್ತಿ, ಕಚೇರಿ ನಡೆಸಿ, ಕಂತಿನಲ್ಲಿ ವಾದ್ಯದ ಸೆಟ್ ತರಿಸಿಕೊಂಡರು. 1853ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ ನಡೆದ ಮೊದಲ ದೊಡ್ಡ ಸ್ಪರ್ಧೆಗೆ ಎಂಟು ಬ್ಯಾಂಡುಗಳು ಬಂದಿದ್ದವು. ಗೆದ್ದದ್ದು ಮಾಸ್ಲಿ ಟೆಂಪರೆನ್ಸ್ ಬ್ಯಾಂಡ್. ಅವರು ಹಿಡಿದದ್ದು ಸ್ಯಾಕ್ಸ್‌ಹಾರ್ನ್‌ಗಳನ್ನು. ತಯಾರಕರಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿರಲಿಲ್ಲ.

ಈ ಹವ್ಯಾಸಿಗಳಿಗೆಂದು ಬರೆದವರೂ ಸಾಮಾನ್ಯರಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಗುಸ್ತಾವ್ ಹೋಲ್ಸ್ಟ್ 1928ರಲ್ಲಿ ‘ಎ ಮೂರ್‌ಸೈಡ್ ಸ್ವೀಟ್’ ಬರೆದುಕೊಟ್ಟ. ಅವನೇ ಒಂದು ಕಾಲಕ್ಕೆ ಟ್ರಾಂಬೋನ್ ಊದಿ ಹೊಟ್ಟೆ ಹೊರೆದವನು. ಎರಡು ವರ್ಷ ಬಿಟ್ಟು ಎಡ್ವರ್ಡ್ ಎಲ್ಗರ್ ‘ಸೆವರ್ನ್ ಸ್ವೀಟ್’ ಕೊಟ್ಟ. 1954ರ ಜೂನ್ 13ರಂದು ಲಂಡನ್ ಸಿಂಫನಿ ಆರ್ಕೆಸ್ಟ್ರಾ ವಾನ್ ವಿಲಿಯಮ್ಸ್‌ನ ಟ್ಯೂಬಾ ಕನ್ಸರ್ಟೊವನ್ನು ಮೊದಲ ಬಾರಿ ನುಡಿಸಿದಾಗ ಮುಂದೆ ಕೂತ ಟ್ಯೂಬಾ ವಾದಕ ಫಿಲಿಪ್ ಕ್ಯಾಟಲಿನೆಟ್ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯ ಬ್ಯಾಂಡ್ ಪರಂಪರೆಯಲ್ಲಿ ಬೆಳೆದವನು. ಆರ್ಕೆಸ್ಟ್ರಾದಲ್ಲಿ ಕಾಯಂ ಜಾಗವೇ ಇಲ್ಲದ ಯುಫೋನಿಯಂಗೆ ಜೋಸೆಫ್ ಹೊರೊವಿಟ್ಸ್ 1972ರಲ್ಲಿ ಕನ್ಸರ್ಟೊ ಬರೆದದ್ದೂ ಬ್ರಾಸ್ ಬ್ಯಾಂಡ್ ಲೋಕಕ್ಕಾಗಿಯೇ. ಅದನ್ನು ಮೊದಲು ನುಡಿಸಿದ ಟ್ರೆವರ್ ಗ್ರೂಮ್ ಒಂದು ಪಾದರಕ್ಷೆ ಕಂಪನಿಯ ಬ್ಯಾಂಡಿನ ವಾದಕ.

ಬ್ಯಾಂಡಿನ ಇನ್ನೊಂದು ವ್ಯವಸ್ಥೆಯನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಬ್ರಿಟಿಷ್ ಬ್ರಾಸ್ ಬ್ಯಾಂಡಿನಲ್ಲಿ ಬೇಸ್ ಟ್ರಾಂಬೋನ್ ಒಂದನ್ನು ಬಿಟ್ಟರೆ, ಪುಟ್ಟ ಕಾರ್ನೆಟ್‌ನಿಂದ ಭಾರಿ ಬೇಸ್‌ವರೆಗೆ ಎಲ್ಲರ ಹಾಳೆಯನ್ನೂ ಒಂದೇ ಲಿಪಿಯಲ್ಲಿ, ಟ್ರೆಬಲ್ ಕ್ಲೆಫ್‌ನಲ್ಲೇ ಬರೆಯುತ್ತಾರೆ. ಹಾಳೆಯ ಮೇಲಿನ ಒಂದು ಚುಕ್ಕೆಗೆ ವಾಲ್ವ್ ಇರುವ ಯಾವ ವಾದ್ಯದಲ್ಲೂ ಒಂದೇ ಬೆರಳು. ಕೇಳಿಸುವ ಸ್ವರ ಮಾತ್ರ ಆಯಾ ವಾದ್ಯದ ಉದ್ದಕ್ಕೆ ತಕ್ಕಂತೆ ಕೆಳಗಿಳಿಯುತ್ತದೆ. ಹಾಗಾಗಿ ಶಾಲೆಯಲ್ಲಿ ಕಾರ್ನೆಟ್ ಕಲಿತು ಬಿಟ್ಟವರು ನಲವತ್ತರ ವಯಸ್ಸಿನಲ್ಲಿ ಮರಳಿ ಬಂದಾಗ ಬ್ಯಾಂಡಿನವರು ಬೇಸ್ ಕೈಗಿಟ್ಟರೆ ಹೊಸದಾಗಿ ಲಿಪಿ ಕಲಿಯಬೇಕಿಲ್ಲ. ಕಲಿಯಬೇಕಾದದ್ದು ಉಸಿರು ಮತ್ತು ತುಟಿಯ ಹದ. ನಡುವಯಸ್ಸಿನಲ್ಲಿ ತುಟಿ ಸೋತು ಕಾರ್ನೆಟ್‌ನ ತಾರಸ್ಥಾಯಿ ಕೈಕೊಟ್ಟವರು ಹಿಂದಿನ ಸಾಲಿಗೆ ಸರಿದು ಇನ್ನೆರಡು ದಶಕ ಸಂತೋಷವಾಗಿ ಊದುವುದಕ್ಕೂ ಇದೇ ಕಾರಣ. ಹವ್ಯಾಸಿಗಳ ಬಗ್ಗೆ ಇಷ್ಟು ಕಾಳಜಿಯಿಂದ ಯೋಚಿಸಿದ ಸಂಗೀತ ಪದ್ಧತಿಗಳು ಹೆಚ್ಚಿಲ್ಲ.

ಇನ್ನು ವಾದ್ಯದ ಒಳಗಿನ ಲೆಕ್ಕ. ಕೊಳ್ಳುವವರಾಗಲಿ, ಬ್ಯಾಂಡಿನಿಂದ ಎರವಲು ಪಡೆಯುವವರಾಗಲಿ ಇದನ್ನು ತಿಳಿದಿರಲೇಬೇಕು. ಏಕೆಂದರೆ ಯುಫೋನಿಯಂ, ಟ್ಯೂಬಾಗಳ ಬೆಲೆಯಲ್ಲಿ ಕಾಣುವ ದೊಡ್ಡ ಅಂತರಕ್ಕೆ ಒಂದು ಮುಖ್ಯ ಕಾರಣ ಇಲ್ಲೇ ಇದೆ.

ಮೂರು ವಾಲ್ವ್‌ಗಳಲ್ಲಿ ಎರಡನೆಯದನ್ನು ಒತ್ತಿದರೆ ಶ್ರುತಿ ಒಂದು ಸ್ವರಸ್ಥಾನ ಇಳಿಯುತ್ತದೆ, ಮೊದಲನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಒತ್ತಿದಾಗ ಗಾಳಿ ಒಂದು ಹೆಚ್ಚುವರಿ ಕೊಳವೆ ಸುತ್ತಿ ಬರುತ್ತದೆ, ವಾದ್ಯದ ಉದ್ದ ಅಷ್ಟರಮಟ್ಟಿಗೆ ಬೆಳೆಯುತ್ತದೆ. ತೊಡಕು ಶುರುವಾಗುವುದು ಮೂರನ್ನೂ ಒಟ್ಟಿಗೆ ಒತ್ತಿದಾಗ. ಆರು ಸ್ವರಸ್ಥಾನ ಕೆಳಗಿಳಿಯಬೇಕಾದರೆ ಕೊಳವೆ ಶೇ 41.4ರಷ್ಟು ಉದ್ದವಾಗಬೇಕು. ಆದರೆ ಒಂದೊಂದು ವಾಲ್ವಿನ ಕೊಳವೆಯನ್ನೂ ಅದೊಂದನ್ನೇ ಒತ್ತಿದಾಗ ಶ್ರುತಿ ಸರಿಬರುವಂತೆ ಕತ್ತರಿಸಿರುತ್ತಾರೆ. ಮೂರನ್ನೂ ಕೂಡಿದರೆ ಸಿಗುವುದು ಶೇ 37.1 ಮಾತ್ರ. ಒಂಬತ್ತು ಅಡಿಯ ಯುಫೋನಿಯಂನಲ್ಲಿ ಸುಮಾರು ನಾಲ್ಕೂವರೆ ಅಂಗುಲ ಕೊರತೆ, ಹದಿನೆಂಟು ಅಡಿಯ ಬೇಸ್‌ನಲ್ಲಿ ಒಂಬತ್ತು ಅಂಗುಲ. ಕಿವಿಗೆ ಅದು ಅರ್ಧ ಸ್ವರಸ್ಥಾನಕ್ಕಿಂತಲೂ ತುಸು ಹೆಚ್ಚೇ ಏರಿದ ಅಪಸ್ವರ. ಕಾರ್ನೆಟ್‌ನವರು ಮೂರು ವಾಲ್ವಿನ ಆ ಜೋಡಣೆಗೆ ಅಪರೂಪಕ್ಕೆ ಇಳಿಯುತ್ತಾರೆ. ಬೇಸ್‌ನವರಿಗೆ ಅದು ನಿತ್ಯದ ಓಡಾಟದ ಜಾಗ.

ಲಂಡನ್ನಿನ ಬೂಸಿ ಕಂಪನಿಯಲ್ಲಿದ್ದ ಡೇವಿಡ್ ಜೇಮ್ಸ್ ಬ್ಲೇಕ್ಲಿ 1874ರಲ್ಲಿ ಇದಕ್ಕೊಂದು ಪರಿಹಾರ ಕಂಡುಹಿಡಿದ. ಈಗ ರೂಢಿಯಲ್ಲಿರುವ ನಾಲ್ಕು ವಾಲ್ವಿನ ಮಾದರಿಯಲ್ಲಿ ನಾಲ್ಕನೆಯದನ್ನು ಒತ್ತಿದ ಕೂಡಲೇ ಅದರ ಕೊಳವೆ ಸುತ್ತಿ ಬಂದ ಗಾಳಿ ಉಳಿದ ಮೂರು ವಾಲ್ವ್‌ಗಳ ಮೂಲಕ ಎರಡನೇ ಬಾರಿ ಹಾಯುತ್ತದೆ. ಆ ಎರಡನೇ ಸುತ್ತಿನಲ್ಲಿ ವಾಲ್ವ್‌ಗಳ ಹಿಂಬದಿಯ ಚಿಕ್ಕ ಚಿಕ್ಕ ಕೊಳವೆಗಳು ಸೇರಿಕೊಂಡು ಕೊರತೆಯನ್ನು ತುಂಬುತ್ತವೆ. ವಾದಕರು ಬೇರೇನೂ ಮಾಡಬೇಕಿಲ್ಲ, ಬೆರಳು ಒತ್ತಿದರೆ ಸಾಕು, ಲೆಕ್ಕ ತಾನಾಗಿ ಸರಿಹೋಗುತ್ತದೆ. ಇದನ್ನೇ ಕಾಂಪೆನ್ಸೇಟಿಂಗ್ ವಾದ್ಯ ಎನ್ನುವುದು. ಕೊಳವೆ ಹೆಚ್ಚು, ಬೆಸುಗೆ ಹೆಚ್ಚು, ತೂಕ ಹೆಚ್ಚು, ಬೆಲೆಯೂ ಹೆಚ್ಚು. ಬೆಸನ್ ಕಂಪನಿ 1974ರಲ್ಲಿ ತಂದ ‘ಸಾವರಿನ್’ ಸರಣಿಯ ಹಳೆಯ ಯುಫೋನಿಯಂಗಳನ್ನು, ಅದರಲ್ಲೂ ವಾದ್ಯದ ಅಗಲ ಬಾಯಿಯಾದ ಬೆಲ್ ಮೇಲೆ ದುಂಡು ಮುದ್ರೆ ಇರುವವನ್ನು ಜನ ಇಂದಿಗೂ ಹುಡುಕಿ ಕೊಳ್ಳುತ್ತಾರೆ.

ಹೊಸಬರಿಗೆ ಇದು ಬೇಕೇ? ಬ್ಯಾಂಡ್ ಕೊಟ್ಟರೆ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಬೇಕು. ಸ್ವಂತ ಹಣ ಹಾಕುವುದಾದರೆ ಅವಸರ ಬೇಡ. ಯಮಾಹಾದ ವೈಇಪಿ-321ರಂಥ, ನಾಲ್ಕು ವಾಲ್ವ್ ಇದ್ದೂ ಕಾಂಪೆನ್ಸೇಟಿಂಗ್ ಅಲ್ಲದ ಯುಫೋನಿಯಂ ಹಗುರ, ಊದಲು ಸಲೀಸು, ಹಲವು ವರ್ಷದ ಕಲಿಕೆಗೆ ಧಾರಾಳ ಸಾಕು. ನಾಲ್ಕನೇ ವಾಲ್ವ್ ಒಂದಿದ್ದರೂ ಅತಿ ಕೆಟ್ಟ ಜೋಡಣೆಗಳಿಂದ ತಪ್ಪಿಸಿಕೊಳ್ಳಬಹುದು. ಟ್ಯೂಬಾದಲ್ಲಿ ಮೊದಲಿಗೆ ಇ-ಫ್ಲ್ಯಾಟ್ ಮೇಲು. ಕೊಳವೆ ಚಿಕ್ಕದು, ತೂಕ ಕಡಿಮೆ, ಉಸಿರಿಗೂ ಅಷ್ಟು ಆಯಾಸವಿಲ್ಲ. ವಾಲ್ವಿನ ಗೊಡವೆಯೇ ಬೇಡ ಎನ್ನುವವರಿಗೆ ಟ್ರಾಂಬೋನ್ ಇದೆ. ಅದರ ಜಾರುಕೊಳವೆ ಎಲ್ಲಿ ನಿಲ್ಲಬೇಕೆಂದು ಹೇಳುವುದು ಕಿವಿ ಮಾತ್ರ, ಹಾಗಾಗಿ ಶ್ರುತಿಜ್ಞಾನ ಬಲು ಬೇಗ ಬಲಿಯುತ್ತದೆ. ಪೀ-ಬೋನ್ ಎಂಬ ಪ್ಲಾಸ್ಟಿಕ್ ಟ್ರಾಂಬೋನ್ ಬಂದ ಮೇಲಂತೂ ಮಕ್ಕಳ ಕೈಗೂ ಅದು ಎಟಕುವಂತಾಗಿದೆ. ಅದರ ತೂಕ ಒಂದು ಕಿಲೋ ಕೂಡ ಇಲ್ಲ.

ಮೌತ್‌ಪೀಸ್ ಮಾತ್ರ ಎಲ್ಲರೂ ಸ್ವಂತದ್ದೇ ಇಟ್ಟುಕೊಳ್ಳುತ್ತಾರೆ, ಅದೇ ಸರಿ. ಟ್ರಂಪೆಟ್‌ನ ಬಟ್ಟಲು ಹದಿನಾರು ಹದಿನೇಳು ಮಿಲಿಮೀಟರ್ ಅಗಲ. ಯುಫೋನಿಯಂನದು ಇಪ್ಪತ್ತೈದರ ಮೇಲೆ, ಟ್ಯೂಬಾದ್ದು ಮೂವತ್ತೊಂದರಿಂದ ಮೂವತ್ತಮೂರು. ಲಂಡನ್ ಸಿಂಫನಿಯ ಟ್ರಾಂಬೋನ್ ವಾದಕನಾಗಿದ್ದ ಡೆನಿಸ್ ವಿಕ್ ಹೆಸರಿನ ಮೌತ್‌ಪೀಸ್‌ಗಳು ಬ್ರಿಟನ್ನಿನ ಬ್ಯಾಂಡುಗಳಲ್ಲಿ ಮನೆಮಾತು. ಆಗಸ್ಟ್ ಹೆಲ್ಲೆಬರ್ಗ್ ಎಂಬ ಟ್ಯೂಬಾ ವಾದಕನ ಹೆಸರು ಹೊತ್ತ ಕಾನ್ ಕಂಪನಿಯ ಮಾದರಿ ಅಮೆರಿಕದಲ್ಲಿ ಅಷ್ಟೇ ಪ್ರಸಿದ್ಧ. ಕೊಳ್ಳುವವರು ಬಟ್ಟಲಿನ ಅಗಲದ ಬಗ್ಗೆ ದಿನಗಟ್ಟಲೆ ಚರ್ಚಿಸುತ್ತಾರೆ, ವಾದ್ಯದೊಳಗೆ ಕೂರುವ ಕಡ್ಡಿಯ ದಪ್ಪವನ್ನು ಮರೆಯುತ್ತಾರೆ. ಯುಫೋನಿಯಂನಲ್ಲೇ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಅಳತೆಯ ತೂತುಗಳಿವೆ. ಅಳತೆ ತಪ್ಪಿದರೆ ಎಂಥ ದುಬಾರಿ ಮೌತ್‌ಪೀಸ್ ಆದರೂ ಅಲುಗಾಡುತ್ತದೆ, ಇಲ್ಲವೇ ಅರ್ಧಕ್ಕೇ ನಿಲ್ಲುತ್ತದೆ. ಸಿಕ್ಕಿಹಾಕಿಕೊಂಡ ಮೌತ್‌ಪೀಸನ್ನು ಇಕ್ಕಳದಿಂದ ತಿರುಚಲು ಹೋಗಿ ತುದಿಯ ಕೊಳವೆಯನ್ನೇ ಮುರಿದವರುಂಟು. ಅದನ್ನು ಎಳೆಯಲೆಂದೇ ಒಂದು ಸಲಕರಣೆ ಇದೆ, ಪ್ರತಿ ಬ್ಯಾಂಡಿನ ಕೋಣೆಯಲ್ಲೂ ಒಂದಿರಬೇಕು.

ಇಷ್ಟಾದರೂ ನಾದ ಹುಟ್ಟುವುದು ತುಟಿಯಲ್ಲಿ, ಅದನ್ನು ಹೊರುವುದು ಉಸಿರು. ಎತ್ತರದ ಸ್ವರಕ್ಕೆ ಒತ್ತಡ ಹೆಚ್ಚು ಬೇಕು, ಗಾಳಿ ಸ್ವಲ್ಪ ಸಾಕು. ಮಂದ್ರಕ್ಕೆ ಒತ್ತಡ ಕಡಿಮೆ, ಗಾಳಿ ಧಾರಾಳ. ಬಿಸಿ ಕಾಫಿ ಆರಿಸಲು ಊದುವ ಉಸಿರು ಬೇರೆ, ಕನ್ನಡಿಗೆ ಹಬೆ ಹಿಡಿಸಲು ‘ಹಾ’ ಎಂದು ಬಿಡುವ ಉಸಿರು ಬೇರೆ. ಟ್ಯೂಬಾಕ್ಕೆ ಬೇಕಾದದ್ದು ಎರಡನೆಯದು. ಹೊಸಬರು ಕೆನ್ನೆ ಬಿಗಿದು, ಹೊಟ್ಟೆ ಬಿಗಿದು, ಮುಖ ಕೆಂಪಾಗಿಸಿಕೊಂಡು ಒತ್ತಿ ಊದುತ್ತಾರೆ. ಹತ್ತೇ ನಿಮಿಷದಲ್ಲಿ ತಲೆ ಸುತ್ತುತ್ತದೆ, ಸ್ವರವೂ ಸೀಳುತ್ತದೆ.

ಈ ವಿಷಯದಲ್ಲಿ ಎಲ್ಲರೂ ನೆನೆಯುವ ಹೆಸರು ಆರ್ನಾಲ್ಡ್ ಜೇಕಬ್ಸ್. 1944ರಿಂದ 1988ರವರೆಗೆ ಷಿಕಾಗೊ ಸಿಂಫನಿಯ ಟ್ಯೂಬಾ ವಾದಕ. ಅವರ ಶ್ವಾಸಕೋಶದ ಸಾಮರ್ಥ್ಯ ಮೊದಲೇ ಕಡಿಮೆ, ದೊಡ್ಡವರಾದ ಮೇಲೆ ಅಸ್ತಮಾ ಬೇರೆ ಅಂಟಿಕೊಂಡಿತು. ಇದ್ದ ಅಷ್ಟೇ ಗಾಳಿಯಲ್ಲಿ ಜಗತ್ತಿನ ಅತಿ ಬಲಿಷ್ಠ ಹಿತ್ತಾಳೆ ವಿಭಾಗಗಳಲ್ಲೊಂದಕ್ಕೆ ನಲವತ್ತನಾಲ್ಕು ವರ್ಷ ಬುನಾದಿಯಾಗಿ ನಿಂತರು. ಪಾಠಕ್ಕೆ ಬಂದವರ ಮುಂದೆ ಅವರು ಸ್ನಾಯುಗಳ ಹೆಸರು ಹೇಳಿ ಹೆದರಿಸುತ್ತಿರಲಿಲ್ಲ. ನುಡಿಸಬೇಕಾದ ಸಾಲನ್ನು ಮೊದಲು ಮನಸ್ಸಿನಲ್ಲಿ ಹಾಡಿಕೊಳ್ಳಬೇಕು, ಆಮೇಲೆ ಗಾಳಿಯನ್ನು ಸಲೀಸಾಗಿ ಹರಿಯಬಿಡಬೇಕು, ಉಳಿದದ್ದನ್ನು ದೇಹ ನೋಡಿಕೊಳ್ಳುತ್ತದೆ ಎಂಬುದು ಅವರ ಪಾಠದ ತಿರುಳು. ನಮ್ಮ ಸಂಗೀತದ ಮನೆಗಳಲ್ಲಿ ವಾದ್ಯ ಕಲಿಯುವವರಿಗೂ ಮೊದಲು ಹಾಡಿಸುತ್ತಾರಲ್ಲ, ಅದರ ಹಿಂದಿನ ವಿವೇಕವೂ ಇದೇ. ಐವತ್ತು ದಾಟಿದವರು, ದಮ್ಮು ಸಾಲದೆಂದು ಅಳುಕುವವರು ಜೇಕಬ್ಸ್ ಅವರ ಬದುಕನ್ನು ಒಮ್ಮೆ ಓದಿಕೊಂಡರೆ ಆ ಅಳುಕು ಅರ್ಧ ಇಳಿಯುತ್ತದೆ.

ಬ್ರಿಟನ್ನಿನ ಅನೇಕ ಬ್ಯಾಂಡುಗಳು ಅಭ್ಯಾಸ ಶುರುಮಾಡುವುದೇ ಚರ್ಚಿನ ಸ್ತೋತ್ರಗೀತೆಯಿಂದ. ನೂರಿಪ್ಪತ್ತು ಗೀತೆಗಳ ಪುಟ್ಟ ಕೆಂಪು ಪುಸ್ತಕವೊಂದು ತಲೆಮಾರುಗಳಿಂದ ಸ್ಟ್ಯಾಂಡಿನ ಮೇಲೆ ಇದ್ದೇ ಇದೆ. ನಿಧಾನ ಗತಿ, ಉದ್ದ ಸ್ವರ. ಸೊಗಸೆಲ್ಲ ಮುಂದಿನವರ ಪಾಲಿಗೆ, ತೂಕವೆಲ್ಲ ಹಿಂದಿನವರ ಪಾಲಿಗೆ. ಬೇಸ್‌ನವರು ಅಲ್ಲಿ ಕಲಿಯುವುದು ಒಬ್ಬರು ಉಸಿರು ತೆಗೆಯುವಾಗ ಪಕ್ಕದವರು ಬಿಡದೆ ಊದುವ ಒಪ್ಪಂದ. ನಾಲ್ವರೂ ಒಟ್ಟಿಗೆ ಉಸಿರೆಳೆದರೆ ಇಡೀ ಬ್ಯಾಂಡಿನ ಕೆಳಗಿನ ನೆಲವೇ ಒಂದು ಕ್ಷಣ ಇಲ್ಲವಾಗುತ್ತದೆ. ಈ ವಿದ್ಯೆ ಮನೆಯಲ್ಲಿ ಒಬ್ಬರೇ ಕೂತು ಬರುವಂಥದ್ದಲ್ಲ.

ಹಳೆಯ ವಾದ್ಯ ಕೊಳ್ಳುವವರು ಕೆಲವನ್ನು ಕಣ್ಣಾರೆ ನೋಡಲೇಬೇಕು. ಮೊದಲನೆಯದು ಶ್ರುತಿ. ಬ್ರಿಟನ್ನಿನ ಬ್ರಾಸ್ ಬ್ಯಾಂಡುಗಳು 1960ರ ದಶಕದವರೆಗೂ ಆರ್ಕೆಸ್ಟ್ರಾಗಳಿಗಿಂತ ಏರಿದ ಶ್ರುತಿಯಲ್ಲೇ, ‘ಎ’ ಸ್ವರಕ್ಕೆ ಸುಮಾರು 452 ಕಂಪನದಲ್ಲಿ ನುಡಿಸುತ್ತಿದ್ದವು. ಈಗಿನದು 440. ಬೂಸಿ ಅಂಡ್ ಹಾಕ್ಸ್ ಕಂಪನಿ ಏರುಶ್ರುತಿಯ ವಾದ್ಯ ಮಾಡುವುದನ್ನು ನಿಲ್ಲಿಸಿದ ಮೇಲೆ ಬ್ಯಾಂಡುಗಳೂ ಇಳಿಯಬೇಕಾಯಿತು. ಅಗ್ಗಕ್ಕೆ ಸಿಕ್ಕಿತೆಂದು ತಂದ, ಫಳಫಳ ಹೊಳೆಯುವ ಹಳೆಯ ಬೇಸ್ ಈ ಕಾಲದ ಯಾರ ಜೊತೆಗೂ ಕೂಡದೆ ಮೂಲೆ ಸೇರುವುದು ಹೀಗೆ. ಟ್ಯೂನರ್ ಇಟ್ಟುಕೊಂಡು ಮೂಲಸ್ವರವನ್ನು ಊದಿ ನೋಡದೆ ಹಣ ಎಣಿಸಬಾರದು.

ಎರಡನೆಯದು ವಾಲ್ವ್. ಒತ್ತದೆ ಇರುವಾಗಲೇ ಆ ವಾಲ್ವಿನ ಸ್ಲೈಡನ್ನು ಮೆಲ್ಲಗೆ ಅರ್ಧ ಎಳೆದು ಐದಾರು ಕ್ಷಣ ಬಿಟ್ಟು ವಾಲ್ವ್ ಒತ್ತಿದರೆ ‘ಟಪ್’ ಎಂಬ ಸದ್ದು ಕೇಳಬೇಕು. ಕೇಳಿದರೆ ಒಳಗೆ ಗಾಳಿ ಸೋರುತ್ತಿಲ್ಲ ಎಂದರ್ಥ. ಸದ್ದಿಲ್ಲದಿದ್ದರೆ ಪಿಸ್ಟನ್ ಸವೆದಿದೆ, ಅದರ ರಿಪೇರಿ ವಾದ್ಯದ ಬೆಲೆಯನ್ನೇ ಮೀರಬಹುದು. ಬೆಲ್ ತಗ್ಗಾಗಿದ್ದರೆ ಚಿಂತೆಯಿಲ್ಲ, ಬಡಿದು ಸರಿಮಾಡುತ್ತಾರೆ. ಮೌತ್‌ಪೀಸ್ ಕೂರುವ ಮೊದಲ ಕೊಳವೆಯ ಮೇಲೆ ಗುಲಾಬಿ ಬಣ್ಣದ ಕಲೆ, ಅದರ ನಡುವೆ ಚುಕ್ಕೆ ಕಂಡರೆ ಎಚ್ಚರ. ಹಿತ್ತಾಳೆಯಲ್ಲಿನ ಸತು ಒಳಗಿನಿಂದ ಕರಗಿ ತಾಮ್ರ ಮಾತ್ರ ಉಳಿಯುತ್ತಿರುವ ಗುರುತು ಅದು.

ಶುಚಿಯಾಗಿಡುವುದು ಬರೀ ಅಂದದ ಮಾತಲ್ಲ. ‘ಚೆಸ್ಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2010ರಲ್ಲಿ ಒಬ್ಬ ಟ್ರಾಂಬೋನ್ ವಾದಕನ ವರದಿ ಬಂತು: ಹದಿನೈದು ವರ್ಷದ ಕೆಮ್ಮು, ಹುಡುಕಿದರೆ ವಾದ್ಯದ ಒಳಗೇ ಬ್ಯಾಕ್ಟೀರಿಯಾ ಮತ್ತು ಬೂಷ್ಟು. ಕೊಳವೆಯೊಳಗೆ ನಿತ್ಯ ಉಸಿರಿನ ತೇವ ನಿಲ್ಲುತ್ತದೆ. ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು, ಉದ್ದನೆಯ ಬಗ್ಗುವ ಬ್ರಷ್ ಇದ್ದರೆ ತಿಂಗಳಿಗೊಮ್ಮೆ ಬಚ್ಚಲಲ್ಲೇ ತೊಳೆಯಬಹುದು. ಸುಡುನೀರು ಮಾತ್ರ ಕೂಡದು, ಲ್ಯಾಕರ್ ಏಳುತ್ತದೆ.

ನಮ್ಮ ನಾಡಿಗೂ ಈ ವಾದ್ಯಗಳು ಬಂದದ್ದು ಬ್ಯಾಂಡಿನ ಬೆನ್ನೇರಿಯೇ. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್ ಇತ್ತು, ಇಂಗ್ಲಿಷ್ ಬ್ಯಾಂಡ್ ಇತ್ತು. ಆ ಪರಂಪರೆ ಮುಂದೆ ಪೊಲೀಸ್ ಬ್ಯಾಂಡಿಗೆ ಹರಿದುಬಂತು. ದಸರೆಯಲ್ಲಿ ಅರಮನೆ ಅಂಗಳದ ಪೊಲೀಸ್ ಸಮೂಹ ವಾದ್ಯಮೇಳಕ್ಕೆ ಹೋದವರು ಟ್ರಂಪೆಟ್ ಸಾಲಿನ ಹಿಂದೆ ಯುಫೋನಿಯಂ, ಟ್ಯೂಬಾಗಳ ಸಾಲನ್ನೂ ನೋಡಬಹುದು. ಬಂಟ್ವಾಳ ಕಡೆಯ ನಾಗಸ್ವರ ಮನೆತನದ ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನ್‌ಗೆ ಮನಸೋತದ್ದು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿದ ಮೇಲೆ. ಒಂದು ಬ್ಯಾಂಡ್ ಊರಲ್ಲಿದ್ದರೆ ಯಾರ ಕಿವಿಗೆ ಏನು ಬೀಳುತ್ತದೆ, ಅದರಿಂದ ಏನು ಬೆಳೆಯುತ್ತದೆ ಎನ್ನುವುದಕ್ಕೆ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಇಲ್ಲ.

ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್‌ಗಳಲ್ಲಿ ಯುಫೋನಿಯಂನ ಪಾತ್ರ ಬೇರೆಯೇ ಆಗಿದೆ. ಬ್ರಿಟನ್ನಿನಲ್ಲಿ ಸ್ವರಮೇಳದ ಕೆಳಪದರವನ್ನೂ ಹಿಡಿಯುವ ಅದು ಇಲ್ಲಿ ಟ್ರಂಪೆಟ್‌ಗಳ ಜೊತೆಗೇ ಹಾಡಿನ ಸಾಲನ್ನು ಒಂದು ಸ್ಥಾಯಿ ಕೆಳಗೆ ನುಡಿಸುತ್ತದೆ. ನಮ್ಮದು ರಾಗದ ಸಂಗೀತ, ಹಾಡೇ ಮುಖ್ಯ. ಆ ರುಚಿಗೆ ವಾದ್ಯ ಒಗ್ಗಿಕೊಂಡಿತು. ಗ್ರೆಗರಿ ಬೂತ್ ಎಂಬ ವಿದ್ವಾಂಸ 2005ರ ‘ಬ್ರಾಸ್ ಬಾಜಾ’ ಗ್ರಂಥದಲ್ಲಿ ಭಾರತದ ಈ ಬ್ಯಾಂಡುಗಳ ಲೋಕವನ್ನು ಆಳವಾಗಿ ದಾಖಲಿಸಿದ್ದಾರೆ. ಇಲ್ಲಿಯೂ ವಾದ್ಯ ಊದುವವನದಲ್ಲ, ಬ್ಯಾಂಡಿನ ಯಜಮಾನನದು. ಆದರೆ ಊದುವವನು ಹವ್ಯಾಸಿಯಲ್ಲ, ಮುಹೂರ್ತದ ತಿಂಗಳುಗಳ ಕೂಲಿಯ ಮೇಲೆ ವರ್ಷ ಕಳೆಯುವವನು. ಬಿಸಿಲಲ್ಲಿ ಸೂಸಫೋನ್ ಎಂಬ ಟ್ಯೂಬಾವನ್ನು ಹೆಗಲಿಗೆ ಸುತ್ತಿಕೊಂಡು ಮೈಲಿಗಟ್ಟಲೆ ನಡೆಯುವ ಆ ಕಲಾವಿದರಿಗೆ ಸಂಗೀತ ಸಭೆಗಳ ಗೌರವ ಇನ್ನೂ ಸಿಕ್ಕಿಲ್ಲ. ಸಿಗಬೇಕಿತ್ತು.

ಇಲ್ಲಿ ವಾದ್ಯ ಸಿಗದೆ ಇಲ್ಲ. ಉತ್ತರ ಪ್ರದೇಶದ ಮೀರಟ್‌ನ ಜಲೀ ಕೋಠಿ ಬಡಾವಣೆ ದೇಶದ ಬ್ಯಾಂಡ್ ವಾದ್ಯಗಳ ತವರು. ನಾದಿರ್ ಅಲಿ ಅಂಡ್ ಕಂಪನಿ ಅಲ್ಲಿ ಕೆಲಸ ಆರಂಭಿಸಿದ್ದು 1885ರಲ್ಲಿ. ಹಿತ್ತಾಳೆ ತಗಡು ಕತ್ತರಿಸಿ, ಅಂಚು ಬೆಸೆದು, ಅಚ್ಚಿನ ಮೇಲೆ ಬಡಿದು ಬೆಲ್ ತಿದ್ದುವ ಕೈಚಳಕ ಅಲ್ಲಿ ತಲೆಮಾರುಗಳಿಂದ ಬಂದದ್ದು. ಬೆಲ್ ಕೈಯಿಂದ ಆಗುತ್ತದೆ, ವಾಲ್ವಿಗೆ ಮಾತ್ರ ಕೂದಲೆಳೆಗಿಂತ ಸೂಕ್ಷ್ಮ ಅಳತೆ ಬೇಕು. ಆದ್ದರಿಂದ ಇಲ್ಲಿನ ವಾದ್ಯ ಕೊಳ್ಳುವವರೂ ಆ ‘ಟಪ್’ ಪರೀಕ್ಷೆ ಮಾಡಿಯೇ ಕೊಳ್ಳಬೇಕು. ಫ್ಲ್ಯಾಟ್‌ನಲ್ಲಿ ವಾಸ, ನೆರೆಮನೆಯವರ ಗಲಾಟೆ ಎಂಬ ಚಿಂತೆಗೂ ದಾರಿಯಿದೆ. ಬೆಲ್ ಮುಚ್ಚುವ ಅಭ್ಯಾಸದ ಮ್ಯೂಟ್, ಅದರಲ್ಲೇ ಇಯರ್‌ಫೋನ್ ಸೇರಿಸಿದ ಯಮಾಹಾದ ಸೈಲೆಂಟ್ ಬ್ರಾಸ್ ವ್ಯವಸ್ಥೆ 1995ರಿಂದ ಇದೆ. ಮ್ಯೂಟ್ ಉಸಿರಿಗೆ ತಡೆ ಒಡ್ಡುವುದರಿಂದ ಅದರಲ್ಲೇ ಬಹಳ ಕಾಲ ಊದಿದರೆ ಜೇಕಬ್ಸ್ ಬೇಡವೆಂದ ಆ ಒತ್ತುವ ಚಾಳಿ ಮರಳುತ್ತದೆ. ವಾರಕ್ಕೆರಡು ಸಲವಾದರೂ ಬಯಲಿಗೋ ಶಾಲೆಯ ಸಭಾಂಗಣಕ್ಕೋ ಹೋಗಿ ಬಿಚ್ಚುನಾದದಲ್ಲಿ ಊದಬೇಕು.

ಕೊರತೆ ಇರುವುದು ಆ ಖಾಲಿ ಕುರ್ಚಿಯದು. ಗಣಿ ಮುಚ್ಚಿದರೂ ಬ್ಯಾಂಡ್ ಉಳಿಯಬಲ್ಲದು ಎಂದು ಯಾರ್ಕ್‌ಷೈರಿನ ಗ್ರೈಮ್‌ಥಾರ್ಪ್ ತೋರಿಸಿದೆ. 1917ರಲ್ಲಿ ಹುಟ್ಟಿದ ಅಲ್ಲಿನ ಕಲ್ಲಿದ್ದಲು ಗಣಿಯ ಬ್ಯಾಂಡ್ 1992ರ ಅಕ್ಟೋಬರಿನಲ್ಲಿ, ಗಣಿ ಮುಚ್ಚುವ ಸರ್ಕಾರದ ಘೋಷಣೆಯ ಬೆನ್ನಿಗೇ ರಾಷ್ಟ್ರೀಯ ಚಾಂಪಿಯನ್ ಆಯಿತು. ಮರುವರ್ಷ ಗಣಿ ಮುಚ್ಚಿತು. ಬ್ಯಾಂಡ್ ಇಂದಿಗೂ ನುಡಿಸುತ್ತಿದೆ. 1996ರ ‘ಬ್ರಾಸ್ಡ್ ಆಫ್’ ಚಿತ್ರದಲ್ಲಿ ಕೇಳುವ ಸಂಗೀತ ಅವರದೇ. ನಮ್ಮಲ್ಲಿ ಅಂಥ ಆಸರೆಯಾಗಬಲ್ಲದ್ದು ಶಾಲೆ. ಸ್ವಾತಂತ್ರ್ಯ ದಿನದ ಪಥಸಂಚಲನಕ್ಕೆಂದು ಡ್ರಮ್ಮು, ಬ್ಯೂಗಲ್ ಕೊಂಡಿಟ್ಟ ಶಾಲೆಗಳು ಜಿಲ್ಲೆ ಜಿಲ್ಲೆಯಲ್ಲೂ ಇವೆ. ಪೊಲೀಸ್ ಬ್ಯಾಂಡಿನಿಂದ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಂಥ ಸೇನಾ ಕೇಂದ್ರಗಳ ಬ್ಯಾಂಡಿನಿಂದ ನಿವೃತ್ತರಾದ ವಾದಕರು ಕಲಿಸಬಲ್ಲರು. ಒಂದು ಶಾಲೆ ಮೊದಲ ವರ್ಷ ನಾಲ್ಕು ವಾಲ್ವಿನ ಒಂದು ಯುಫೋನಿಯಂ, ಅದರ ತೂತಿಗೆ ಸರಿಹೊಂದುವ ಎರಡು ಮೌತ್‌ಪೀಸ್, ವಾಲ್ವ್ ಎಣ್ಣೆ, ತೊಳೆಯುವ ಬ್ರಷ್ ಕೊಂಡು, ಅದನ್ನು ಯಾವ ಮಗು ಯಾವಾಗ ಮನೆಗೆ ಒಯ್ದಿದೆ ಎಂದು ಬರೆದಿಡಲು ಒಬ್ಬ ಮೇಷ್ಟ್ರನ್ನು ಗೊತ್ತುಮಾಡಿದರೆ ಆರಂಭಕ್ಕೆ ಸಾಕು. ಇ-ಫ್ಲ್ಯಾಟ್ ಬೇಸ್ ಎರಡನೇ ವರ್ಷಕ್ಕೆ ತರಬಹುದು.